ಗಡ್ಡೆಯಲ್ಲ, ಕೀವು

ತೆಂಗಿನೆಣ್ಣೆಯಲ್ಲಿ ಬೆಳ್ಳುಳ್ಳಿ ಕಾಯುವ ವಾಸನೆ ಬಂದರೆ ಈಗಲೂ ಮುಲುಂಡಿನ ಆಸ್ಪತ್ರೆಯ ಆ ಮಧ್ಯಾಹ್ನ ನೆನಪಾಗುತ್ತದೆ. ಅಕ್ಕನ ಸೋರುವ ಕಿವಿಗೆ ಅಮ್ಮ ಆ ಎಣ್ಣೆಯನ್ನೇ ಬಿಡುತ್ತಿದ್ದಳು. ಆಮೇಲೆ ತಲೆನೋವು, ವಾಂತಿ ಹೆಚ್ಚಾಗಿ ಅಕ್ಕ ಮಂಪರಿಗೆ ಜಾರಿದಳು. ಮಿದುಳಿನಲ್ಲಿ ಗಡ್ಡೆಯೇ ಇರಬೇಕೆಂದು ಅಪ್ಪ ಕೈಚೆಲ್ಲಿ ಕುಳಿತಿದ್ದರು.

ಡಾಕ್ಟರು ಸ್ಕ್ಯಾನಿನ ಫಿಲ್ಮನ್ನು ಬೆಳಕಿಗೆ ಹಿಡಿದು, ಕಿವಿಯಿಂದ ಮೇಲೆ ಮಿದುಳಿನಲ್ಲಿ ಕಂಡ ಬಿಳಿ ಉಂಗುರವನ್ನು ತೋರಿಸಿದರು. "ಗಾಂಠ್ ನಹೀ, ಅಂದರ್ ಪಸ್ ಹೈ."

"ಎಂತ ಹೇಳಿದ್ದು ಮಾರಾಯ್ರೇ?" ಅಮ್ಮ ಅಪ್ಪನನ್ನು ಕೇಳಿದಳು.

"ಗಡ್ಡೆ ಅಲ್ವಂತೆ. ಒಳಗೆ ಕೀವು ಉಂಟಂತೆ."

"ಕೀವಾ! ಕೀವಾದ್ರೆ ತೆಗೀಲಿಕ್ಕಾಗ್ತದಲ್ಲ. ನೀವೆಂತ ಆಗಿಂದ ಸೂತಕದವರ ಹಾಗೆ ಕೂತದ್ದು?"

ಆಪರೇಷನ್ನಿಗೆ ಅಕ್ಕನ ತಲೆ ಬೋಳಿಸಬೇಕೆಂದು ಡಾಕ್ಟರು ಹಿಂಜರಿಯುತ್ತ ಕೈಸನ್ನೆ ಮಾಡಿದರು. ಅಪ್ಪ ಅದನ್ನು ಬಿಡಿಸಿ ಹೇಳುವಷ್ಟರಲ್ಲಿ ಅಮ್ಮ ಸ್ಟ್ರೆಚರಿನ ಪಕ್ಕ ನಿಂತು ಅಕ್ಕನ ಜಡೆ ಬಿಚ್ಚುತ್ತಿದ್ದಳು.