ಗೀರಿಲ್ಲದ ಬಟ್ಟಲು

ಕದಿರಮ್ಮ ಸ್ಟೀಲ್ ಬಟ್ಟಲಿನೊಳಗೆ ಹೆಬ್ಬೆರಳು ಆಡಿಸಿದಳು. ಪಿಲ್ಲಗುಂಪೆಯ ಪಾತ್ರೆ ಕಾರ್ಖಾನೆಯ ಪ್ರೆಸ್ಸಿನಿಂದ ಆಗಷ್ಟೇ ಹೊರಬಂದ ಬಟ್ಟಲು ಇನ್ನೂ ಬೆಚ್ಚಗಿತ್ತು. ಒತ್ತುವಾಗ ತಗಡು ಅಚ್ಚಿಗೆ ಉಜ್ಜಿ ಗೀರು ಬೀಳುತ್ತಿತ್ತು. ಅದನ್ನು ತಿಕ್ಕಿ ತೆಗೆಯುವುದೇ ಅವಳೂ ಸೇರಿ ಪಾಲಿಶ್ ಶೆಡ್ಡಿನ ಹೆಂಗಸರ ಕೆಲಸ. ಇವತ್ತು ಗೀರು ಬೀಳದಂತೆ ಅಚ್ಚಿಗೆ ಸವರಿದ್ದು ನ್ಯಾನೊ ಪುಡಿ ಬೆರೆಸಿದ ಹೊಸ ಎಣ್ಣೆ. ಅದನ್ನು ತರಿಸಿದ ಎಂಜಿನಿಯರ್ ಕಾಂತರಾಜು ಅವಳ ತಂಗಿಯ ಮಗ.

“ಒಂದು ಗೀರೂ ಇಲ್ಲ ಕಣಪ್ಪಾ,” ಎಂದಳು ಎದುರಿಗಿದ್ದ ಅವನಿಗೆ, ಹೆಮ್ಮೆಯಿಂದ.

ಪಕ್ಕದಲ್ಲಿದ್ದ ಮಾಲೀಕರು ನಕ್ಕರು. “ಕದಿರಮ್ಮನೇ ಹೇಳಿದ್ಮೇಲೆ ಮುಗೀತು. ಕಾಂತರಾಜು, ಒಂದನೇ ತಾರೀಕಿಂದ ಪಾಲಿಶ್ ಶೆಡ್ ಮುಚ್ಚಿಸಿಬಿಡಪ್ಪ,” ಎಂದು ಹೊರಟುಹೋದರು.

ಕದಿರಮ್ಮನ ಮುಖ ಕೆಂಪಾಯಿತು. “ನಿಂಗೆ ಮೊದ್ಲೇ ಗೊತ್ತಿತ್ತಾ?”

ಕಾಂತರಾಜು ಎಣ್ಣೆ ಡ್ರಮ್ಮಿನ ಕಡೆ ನೋಡಿದ. “ಗೊತ್ತಿತ್ತು ದೊಡ್ಡಮ್ಮ.”

“ಗೊತ್ತಿದ್ದೂ ನನ್ನ ಬಾಯಲ್ಲೇ ಹೇಳಿಸ್ದೆಯೇನೋ?”

“ನಿಂಗೆ ಪ್ಯಾಕಿಂಗಲ್ಲಿ ಕೆಲಸ ಮಾತಾಡಿದೀನಿ. ನಿಂಗೊಬ್ಳಿಗೇ. ಮಿಕ್ಕೋರಿಗೆ ಈಗ್ಲೇ ಹೇಳ್ಬೇಡ.”

ಕದಿರಮ್ಮ ಬಟ್ಟಲನ್ನು ಪ್ರೆಸ್ಸಿನ ಮೇಲೆ ಕುಕ್ಕಿ, ಅವನ ಮಣಿಕಟ್ಟು ಹಿಡಿದು ದರದರನೆ ಶೆಡ್ಡಿಗೆ ಎಳೆದುಕೊಂಡು ಹೋದಳು. ಚಿಕ್ಕವನಿದ್ದಾಗಲೂ ಅವಳು ಅವನ ಮೇಲೆ ಕೈ ಮಾಡಿದವಳಲ್ಲ. ಒಳಗೆ ಹೆಂಗಸರು ತಲೆಬಗ್ಗಿಸಿ, ತಿರುಗುವ ಪಾಲಿಶ್ ಚಕ್ರಕ್ಕೆ ಹಿಡಿದು ಪಾತ್ರೆ ತಿಕ್ಕುತ್ತಿದ್ದರು. ಅವಳ ಮುಖ ನೋಡಿ ಒಬ್ಬೊಬ್ಬರಾಗಿ ಮೋಟಾರು ನಿಲ್ಲಿಸಿದರು.

“ನಂಗೆ ಹೇಳಿದ್ಯಲ್ಲ, ಅದನ್ನ ಇವ್ರಿಗೂ ಹೇಳು,” ಎಂದಳು ಕದಿರಮ್ಮ, ಅವನ ಕೈ ಬಿಡದೆ. “ಪ್ಯಾಕಿಂಗ್ ವಿಷಯಾನೂ ಸೇರಿಸಿ ಹೇಳು.”