ಕಣ್ಣು ಮುಚ್ಚಿ ಕೇಳಿ

ಚಕ್ರಪಾಣಿ ಲಂಚ ತಿಂದಿದ್ದಾರೆ. ವೆಂಕಟಗಿರಿಗೆ ಇದರಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ಮೂವತ್ತು ವರ್ಷ ಕರ್ನಾಟಕ ಸಂಗೀತದ ವಿಮರ್ಶೆ ಬರೆದ ಮನುಷ್ಯ, ಕೊರಿಯರ್ ಹಂಚುವ ಬಾಳೇಶನ ರ‍್ಯಾಪ್ ಸೀಡಿಯನ್ನು ಪುಕ್ಕಟೆ ಹೊಗಳುವುದುಂಟೇ?

‘ನಾಯಂಡಹಳ್ಳಿ ಜಂಕ್ಷನ್’ ಎಂಬ ಆ ಸೀಡಿ 2007ರ ಚಳಿಗಾಲದಲ್ಲಿ ವಿಜಯನಗರವನ್ನು ಎರಡು ಹೋಳು ಮಾಡಿತ್ತು. ಮಾರೇನಹಳ್ಳಿಯ ಮೊಬೈಲ್ ಅಂಗಡಿಗಳಲ್ಲಿ ಬೆಳಗಿನಿಂದ ಅದೇ. ಅಂಗಡಿಗಳ ಮೇಲಿನ ಮನೆಯವರಿಗೆ ತಲೆನೋವು. ಒಂದು ಪತ್ರಿಕೆ ಕ್ರಾಂತಿ ಎಂದಿತು, ಇನ್ನೊಂದು ಚಿಲ್ಲರೆಗಾಗಿ ಕಂಡಕ್ಟರ್ ಆಡುವ ಜಗಳ ಎಂದಿತು. ಬರೆದ ಇಬ್ಬರಲ್ಲಿ ಯಾರಾದರೂ ಸೀಡಿಯನ್ನು ಪೂರ್ತಿ ಕೇಳಿದ್ದರು ಎನ್ನಲು ಸಾಕ್ಷಿಯಿಲ್ಲ. ಚಕ್ರಪಾಣಿ ಮಾತ್ರ ಸೀಡಿಯ ಜೊತೆಗಿದ್ದ ಪುಸ್ತಿಕೆಯಿಂದ ಹನ್ನೆರಡು ಸಾಲು ಎತ್ತಿ ಬರೆದು, "ಪ್ರತಿ ಮಾತೂ ಸ್ಪಷ್ಟ, ಪ್ರಾಸ ಎಲ್ಲೂ ತಪ್ಪಿಲ್ಲ" ಎಂದು ತೀರ್ಪು ಕೊಟ್ಟಿದ್ದರು.

ರ‍್ಯಾಪ್ ಹಾಳಾಗಿ ಹೋಗಲಿ, ವೆಂಕಟಗಿರಿಯ ಸಂಕಟವೇ ಬೇರೆ. ನಾಲ್ಕು ವರ್ಷದ ಹಿಂದೆ ಅವರ ಮಗಳು ತನ್ಮಯಿಯ ಮೊದಲ ಕಚೇರಿಯ ಬಗ್ಗೆ ಇದೇ ಚಕ್ರಪಾಣಿ, "ಮೇಲಿನ ಷಡ್ಜದಲ್ಲಿ ಶ್ರುತಿ ಕೂದಲೆಳೆಯಷ್ಟು ಜಾರುತ್ತದೆ" ಎಂದು ಬರೆದಿದ್ದರು. ಅಪ್ಪನ ಕಿವಿಗೆ ಅದು ಜಾರಿರಲಿಲ್ಲ. ಆದರೂ ಅಷ್ಟು ದೊಡ್ಡವರು ಸುಮ್ಮಸುಮ್ಮನೆ ಬರೆಯುತ್ತಾರೆಯೇ ಎಂದು ಮಗಳಿಗೇ ಬುದ್ಧಿ ಹೇಳಿದರು. ಅವಳು ತಂಬೂರಿಗೆ ಗವಸು ಹಾಕಿದಳು, ಮತ್ತೆ ತೆಗೆಯಲಿಲ್ಲ. ಈಗ ಚಕ್ರಪಾಣಿಯ ಈ ಮಾತು ಸುಳ್ಳೆಂದಾದರೆ ಆ ಮಾತೂ ಸುಳ್ಳಾಗಬಹುದು. ಅದಕ್ಕೇ ಬಸವೇಶ್ವರನಗರದ ತಮ್ಮ ಸಂಗೀತ ಸಭಾದಲ್ಲಿ, ಭಾನುವಾರ ಬೆಳಿಗ್ಗೆ, ಸೀಡಿಯ ಮೇಲೊಂದು ಚರ್ಚೆ ಇಟ್ಟರು.

ಚಕ್ರಪಾಣಿ ಒಬ್ಬರೇ ಬಂದರು. ಸದಾ ಪಕ್ಕದಲ್ಲಿ ಕೂತು, ಹಾಡು ಮುಗಿದಾಗ ಅವರ ಮೊಣಕಾಲು ತಟ್ಟುವ ಹೆಂಡತಿ ವಿಮಲಮ್ಮ ಕೆಂಗೇರಿಗೆ ಸೀಮಂತಕ್ಕೆ ಹೋಗಿದ್ದರು. ಎಂದಿನಂತೆ ಮೊದಲ ಸಾಲು, ಎಂದಿನಂತೆ ಬಿಗಿದ ಮುಖ. ಕಚೇರಿಗಳಲ್ಲಿ ಉಳಿದವರು ಕಣ್ಣು ಮುಚ್ಚಿ ತಲೆದೂಗಿದರೂ ಇವರು ಮೃದಂಗದವರ ಕೈಯಿಂದ ಕಣ್ಣು ಕೀಳುವವರಲ್ಲ. ಎಂಥ ಕಟ್ಟುನಿಟ್ಟು ಎಂದು ಕಲಾವಿದರು ನಡುಗುತ್ತಿದ್ದರು. ಬಾಯಿಮಾತಿನ ಪ್ರಶ್ನೆಗೆ ಉತ್ತರಿಸುವುದು ಅವರ ಘನತೆಗೆ ಕಡಿಮೆ. ಚೀಟಿಯಲ್ಲಿ ಬರೆದು ಕೊಡಬೇಕು.

ವೆಂಕಟಗಿರಿ ಮೊದಲು ಕೊನೆಯ ಸಾಲಿನಲ್ಲಿದ್ದ ಬಾಳೇಶನನ್ನು ಹಿಡಿದು, ಎಷ್ಟು ಕೊಟ್ಟೆ ಎಂದು ಕೇಳಿದರು.

"ಸೈಕಲ್ಲಿಗೆ ಗಾಳಿ ಹೊಡಸಾಕ ರೊಕ್ಕ ಇಲ್ರಿ ಸರ," ಎಂದ ಅವನು. "ಅವ್ರು ಯಾಕ ಹೊಗಳ್ಯಾರ ಅಂತ ನನಗೂ ತಿಳಿವಲ್ದು."

ಕಳ್ಳ, ಬಾಯಿ ಬಿಡುವುದಿಲ್ಲ. ವೆಂಕಟಗಿರಿ ಚೀಟಿ ಬರೆದು ಚಕ್ರಪಾಣಿಯ ಕೈಗಿತ್ತರು: "ಒಂದು ಹಾಡು ರಸಿಕರ ಹಾಗೆ ಕಣ್ಣು ಮುಚ್ಚಿ ಕೇಳಿ ಸಾರ್. ಆಮೇಲೂ ಚೆನ್ನಾಗಿದೆ ಅಂದ್ರೆ ಒಪ್ಕೋತೀನಿ."

ಚಕ್ರಪಾಣಿ ಎರಡು ಸಲ ಓದಿದರು. ನೂರು ಜನರ ಮುಂದೆ ಹಿಂಜರಿಯುವುದು ಹೇಗೆ? ತನ್ಮಯಿ ಪ್ಲೇಯರಿನ ಗುಂಡಿ ಒತ್ತುವುದನ್ನು ನೋಡಿ ಕಣ್ಣು ಮುಚ್ಚಿದರು. ತೊಡೆಯ ಮೇಲೆ ಗಂಭೀರವಾಗಿ ತಾಳ ಹಾಕತೊಡಗಿದರು.

ಹಾಡು ಅರ್ಧಕ್ಕೆ ಬಂದಾಗ ಕರೆಂಟ್ ಹೋಯಿತು. ಡಿಸೆಂಬರ್ ಬೆಳಗು, ಫ್ಯಾನೂ ಹಾಕಿರಲಿಲ್ಲ, ದೀಪವೂ ಇರಲಿಲ್ಲ, ನಿಂತದ್ದು ಹಾಡೊಂದೇ. ಸಭೆ ಗಪ್‌ಚುಪ್ಪಾಯಿತು. ಚಕ್ರಪಾಣಿಯ ಕೈ ಮಾತ್ರ ತಾಳ ಹಾಕುತ್ತಲೇ ಇತ್ತು.

ಯಾರೋ ಕಿಸಕ್ಕೆಂದರು. ವೆಂಕಟಗಿರಿ ನಗದೆ ಮಗಳ ಕಡೆ ತಿರುಗಿದರು. ತನ್ಮಯಿ ಎದ್ದು ಬಂದಳು. ಚಕ್ರಪಾಣಿಯ ಕಿವಿಯ ಪಕ್ಕ ನಿಂತು, ನಾಲ್ಕು ವರ್ಷದಿಂದ ಮುಟ್ಟದ ಮೇಲಿನ ಷಡ್ಜವನ್ನು ಗಂಟಲು ತುಂಬ ಹಿಡಿದು ನಿಲ್ಲಿಸಿದಳು. ಕೊನೆಯ ಸಾಲಿನ ಬಾಳೇಶನವರೆಗೂ ಅದು ಕೂದಲೆಳೆಯಷ್ಟೂ ಜಾರದೆ ತಲುಪಿತು.

"ಭೇಷ್ ಬಾಳೇಶ," ಎಂದರು ಚಕ್ರಪಾಣಿ, ತಾಳ ನಿಲ್ಲಿಸದೆ, ಕಣ್ಣು ಮುಚ್ಚಿಕೊಂಡೇ. "ಪ್ರತಿ ಮಾತೂ ಸ್ಪಷ್ಟ."