ನಡೆ ಬರೆದ ಹಾಳೆ

ಚೆಸ್ ಕ್ಲಬ್ಬಿನ ಭಾನುವಾರದ ಪಂದ್ಯ ಮುಗಿದು ಮಕ್ಕಳು ಒಬ್ಬೊಬ್ಬರಾಗಿ ಹೊರಬರುತ್ತಿದ್ದರು. ಸೋತ ಮಕ್ಕಳ ಮನಸ್ಸು ನೋಯಬಾರದೆಂದು, ಗೇಟು ದಾಟುವವರೆಗೆ ಯಾರೂ ಆಟದ ವಿಷಯಕ್ಕೆ ತುಟಿ ಬಿಚ್ಚಬಾರದೆಂಬುದು ಮೇಷ್ಟ್ರ ಕಟ್ಟಪ್ಪಣೆ. ಆಟ ಕಲಿಸಲು ಬಾರದವರು ಶಿಸ್ತು ಕಲಿಸುತ್ತಾರೆ ಎಂದು, ಮಗಳಿಗಾಗಿ ಬಾಗಿಲ ಬಳಿ ಕಾಯುತ್ತಿದ್ದ ಅಪ್ಪ ಮೂಗು ಮುರಿದರು. ಅವರು ಮೊಬೈಲಿನಲ್ಲಿ ವಿಡಿಯೊ ನೋಡಿಯೇ ಮೇಷ್ಟ್ರಿಗಿಂತ ಹೆಚ್ಚು ಕಲಿತಿದ್ದರು.

ಮಗಳು ತಲೆ ತಗ್ಗಿಸಿಕೊಂಡು ಬಂದಳು. ಅವಳು ಎರಡೂ ಕಡೆಯ ನಡೆಗಳನ್ನು ಬರೆದುಕೊಂಡಿದ್ದ ಹಾಳೆಯನ್ನು ಕಿತ್ತುಕೊಂಡು ಅಪ್ಪ ನೇರವಾಗಿ ಕೊನೆಯ ಸಾಲಿಗೆ ಕಣ್ಣು ಹಾಯಿಸಿದರು. ಕರಿ ಕಾಯಿ ಸೋತಿತ್ತು. ಮಗಳ ಮುಖ ನೋಡಿದ ಮೇಲೆ ಇನ್ನು ಕೇಳುವುದೇನಿತ್ತು!

"ಒಂಬತ್ತನೇ ನಡೆಗೇ ಆನೆ ಕಳ್ಕೊಂಡು ಕೂತಿದ್ದೀಯಲ್ಲ, ಕಣ್ಣು ಎಲ್ಲಿಟ್ಕೊಂಡಿದ್ದೆ? ಇಲ್ಲಿ ನೋಡು, ರಾಣಿ ಹೋಗ್ತಾ ಇದೆ, ನೀನು ಮೂಲೇಲಿ ಕುದುರೆ ಕುಣಿಸ್ತಾ ಇದ್ದೀಯ!"

ಮಗಳು ಗೇಟಿನ ಕಡೆ ಬಿರಬಿರನೆ ಹೆಜ್ಜೆ ಹಾಕಿದಳು.

"ಈ ಬಿಳಿ ಕಾಯಿ ಆಡಿರೋದು ನೋಡು. ಒಂದು ನಡೆಯಾದ್ರೂ ದಂಡ ಆಗಿದ್ಯಾ? ಇದಕ್ಕೆ ಬುದ್ಧಿ ಅನ್ನೋದು. ಇಂಥ ಮಗುನ ಹೆತ್ತೋರು ಪುಣ್ಯ ಮಾಡಿದ್ರು ಕಣೇ. ನಮ್ಮ ಹಣೇಲಿ ಬರೀಲಿಲ್ಲ."

ಅಷ್ಟರಲ್ಲಿ ಇಬ್ಬರೂ ಗೇಟು ದಾಟಿದರು. ಮಗಳು ತಲೆಯೆತ್ತಿದಳು. ಮುಖದ ತುಂಬ ನಗು.

"ಬಿಳಿ ಕಾಯಿ ಆಡಿದ್ದು ನಾನೇ ಅಪ್ಪಾ!"

ಅಪ್ಪ ಹಾಳೆಯನ್ನು ಮೇಲಿಂದ ಕೆಳಗಿನವರೆಗೆ ಇನ್ನೊಮ್ಮೆ ನೋಡಿದರು.

"ಮತ್ತೆ ಇಂಥ ದಡ್ಡನ್ನ ಸೋಲಿಸೋಕೆ ನಿಂಗೆ ನಲವತ್ತು ನಡೆ ಬೇಕಾಯ್ತಾ?"